ಐಪಾಡ್ ವಿಡಿಯೋ 30 ಜಿಬಿ, ಬ್ಯಾಟರಿ ಉಬ್ಬಿದೆ ಅನ್ಸತ್ತೆ, ಮನೇಲೇ ಬದಲಾಯಿಸ್ಬಹುದಾ? ಒಳಗೆ ತಾಳಮದ್ದಲೆ ರೆಕಾರ್ಡಿಂಗ್ ಇದೆ

ಶಿರಸಿಕಡೆಯವ:

ಎಲ್ರಿಗೂ ನಮಸ್ಕಾರ. ನಮ್ಮ ಅಪ್ಪಯ್ಯಂದು ಒಂದು ಐಪಾಡ್ ಇದೆ, ಬಿಳೀದು, ಹಿಂದ್ಗಡೆ ಸಣ್ಣಕ್ಷರದಲ್ಲಿ ಎ1136 ಅಂತಿದೆ, 30 ಜಿಬಿ. ಅಣ್ಣ ದುಬೈಯಿಂದ ತಂದುಕೊಟ್ಟಿದ್ದು. ಅದ್ರ ತುಂಬಾ ಯಕ್ಷಗಾನ, ತಾಳಮದ್ದಲೆನೇ ಇರೋದು, ಕಾಳಿಂಗ ನಾವಡ್ರ ಪದ, ಶೇಣಿಯವ್ರ ಅರ್ಥ (ತಾಳಮದ್ದಲೆಯ ಮಾತುಗಾರಿಕೆ), ಜೊತೆಗೆ ನಮ್ಮ ಊರಿನ ದೇವಸ್ಥಾನದಲ್ಲಿ ಆದ ಕೂಟಗಳನ್ನ ಅಪ್ಪಯ್ಯನೇ ಟೇಪ್ ರೆಕಾರ್ಡರ್ ಇಟ್ಕೊಂಡು ಹಿಡಿದದ್ದು. ಕ್ಯಾಸೆಟ್‌ಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳಾದ್ವು, ಎಂಪಿ3 ಮಾಡಿದ ಕಂಪ್ಯೂಟರೂ ಹೋಯ್ತು, ಈಗ ಆ ಕೂಟಗಳು ಇರೋದು ಈ ಐಪಾಡಲ್ಲಿ ಮಾತ್ರ.

ತೊಂದ್ರೆ ಏನಂದ್ರೆ ಚಾರ್ಜಿಗೆ ಹಾಕಿದ್ರೆ ಹಾಡತ್ತೆ, ವೈರ್ ತೆಗೆದ್ರೆ ಸ್ವಲ್ಪ ಹೊತ್ತಲ್ಲೇ ಆಫ್. ಮೊನ್ನೆ ಸರಿಯಾಗಿ ನೋಡಿದ್ರೆ ಒಂದು ಬದಿಯಲ್ಲಿ ಸ್ಟೀಲ್ ಪ್ಲೇಟಿಗೂ ಬಿಳೀ ಪ್ಲಾಸ್ಟಿಕ್ಕಿಗೂ ಮಧ್ಯ ಉಗುರು ಹೋಗುವಷ್ಟು ಸಂದು ಬಿಟ್ಕೊಂಡಿದೆ. ಪೇಟೇಲಿ ಮೊಬೈಲ್ ರಿಪೇರಿಯವ್ರ ಹತ್ರ ಕೇಳಿದ್ರೆ ಇದೆಲ್ಲ ಈಗ ಯಾರೂ ಮಾಡಲ್ಲ ಬಿಸಾಕಿ ಅಂದ್ರು. ಬಿಸಾಕೋ ಮಾತೇ ಇಲ್ಲ ಮಾರಾಯ್ರೆ. ನಾನು ಮನೆ ಫ್ಯಾನು ಮಿಕ್ಸಿ ಎಲ್ಲ ಬಿಚ್ಚಿ ಮಾಡ್ಕೊಳ್ತೇನೆ ಆದ್ರೆ ಇಷ್ಟು ಸಣ್ಣದು ಮುಟ್ಟಿದ್ದಿಲ್ಲ. ಯಾವ ಬ್ಯಾಟರಿ ತಗೋಬೇಕು, ಬಿಚ್ಚೋದು ಹ್ಯಾಗೆ, ಮುಖ್ಯವಾಗಿ ಬ್ಯಾಟರಿ ತೆಗೆದ್ರೆ ರೆಕಾರ್ಡಿಂಗ್ ಅಳಿಸಿ ಹೋಗತ್ತಾ? ಅಣ್ಣ ಮುಂದಿನ ತಿಂಗಳು ಬರ್ತಾನೆ, ಅಲ್ಲಿಂದ ತರ್ಸಿದ್ರೆ ಒಳ್ಳೇದಾ?

ಹಳೆಕ್ಯಾಸೆಟ್:

ಬ್ಯಾಟರಿ ತೆಗೆದ್ರೆ ಏನೂ ಅಳಿಸಲ್ಲ, ಹಾಡೆಲ್ಲ ಹಾರ್ಡ್ ಡಿಸ್ಕಲ್ಲಿರತ್ತೆ. ಆದ್ರೂ ಮೊದ್ಲು ಕಂಪ್ಯೂಟರಿಗೆ ಹಾಕಿ ಎಲ್ಲಾ ಕಾಪಿ ಮಾಡ್ಕೊಂಡೇ ಮುಂದಿನ ಕೆಲಸ ಮಾಡಿ. ಒಂದು ಮಾತು ದಯವಿಟ್ಟು ನೆನಪಿಡಿ, ಹೊಸ ಕಂಪ್ಯೂಟರಲ್ಲಿ ಐಟ್ಯೂನ್ಸ್ (ಐಪಾಡಿಗೆ ಹಾಡು ತುಂಬೋ ಆಪಲ್ ಸಾಫ್ಟ್‌ವೇರ್) ತೆರೆದ್ರೆ ಈ ಐಪಾಡ್ ಬೇರೆ ಲೈಬ್ರರಿಗೆ ಸೇರಿದೆ, ಅಳಿಸಿ ಸಿಂಕ್ ಮಾಡ್ಲಾ ಅಂತ ಕೇಳತ್ತೆ, ಅದಕ್ಕೆ ಹೂಂ ಅಂದ್ರೆ ಎಲ್ಲಾ ಹೋಯ್ತು. ಐಟ್ಯೂನ್ಸ್ ಇಲ್ಲದ ಕಂಪ್ಯೂಟರಿಗೇ ಹಾಕಿ. ಪೆನ್‌ಡ್ರೈವ್ ಥರ ಕಾಣ್ಸತ್ತೆ, ಹಿಡನ್ ಫೈಲ್ಸ್ ತೋರಿಸು ಅಂತ ಆನ್ ಮಾಡಿದ್ರೆ ಐಪಾಡ್ ಕಂಟ್ರೋಲ್ ಅನ್ನೋ ಫೋಲ್ಡರ್ ಬರತ್ತೆ, ಅದ್ರೊಳಗೆ ಮ್ಯೂಸಿಕ್, ಅದ್ರೊಳಗೆ ಎಫ್00, ಎಫ್01 ಹೀಗೆ ಸಾಲಾಗಿ ಫೋಲ್ಡರ್. ಫೈಲ್ ಹೆಸ್ರು ನಾಲ್ಕು ಅಕ್ಷರದ ಅರ್ಥ ಇಲ್ಲದ್ದಿರತ್ತೆ, ಗಾಬರಿ ಆಗ್ಬೇಡಿ, ಐಪಾಡಿಗೆ ಹಾಡು ಹಾಕೋವಾಗ ಐಟ್ಯೂನ್ಸೇ ಹಾಗೆ ಹೆಸ್ರು ಬದಲಾಯಿಸತ್ತೆ.

ಸುಮ್ನೆ ಐಪಾಡ್ ಕಂಟ್ರೋಲ್ ಫೋಲ್ಡರ್ ಪೂರ್ತಿ ಎತ್ಕೊಂಡು ಎರಡು ಕಡೆ ಇಟ್ಬಿಡಿ. ಎಂಪಿ3 ಟ್ಯಾಗ್, ಅಂದ್ರೆ ಹಾಡಿನ ಹೆಸ್ರು ಹಾಡಿದವ್ರ ಹೆಸ್ರು, ಫೈಲಿನ ಒಳಗೇ ಇದ್ರೆ ಆಮೇಲೆ ಟ್ಯಾಗ್ ನೋಡಿ ಹೆಸ್ರು ವಾಪಸ್ ಹಾಕೋ ಸಾಫ್ಟ್‌ವೇರ್ ಇದೆ. ಟ್ಯಾಗ್ ಇಲ್ದೇ ಇದ್ರೂ ಐಟ್ಯೂನ್ಸ್‌ಡಿಬಿ ಅನ್ನೋ ಫೈಲಲ್ಲಿ ಯಾವ ಫೈಲು ಯಾವ ಪ್ರಸಂಗ ಅನ್ನೋ ಲೆಕ್ಕ ಇರತ್ತೆ, ಅದಕ್ಕೇ ಪೂರ್ತಿ ಫೋಲ್ಡರ್ ಅಂದಿದ್ದು.

ಹಳೇಗ್ಯಾಜೆಟ್:

ಮೇಲೆ ಹೇಳಿರೋ ಕಾಪಿ ಮಾಡೋ ವಿಧಾನ ಸರಿಯಾಗೇ ಇದೆ, ಆದ್ರೆ ಇವ್ರ ಕೇಸಲ್ಲಿ ಕಾಪಿ ಮೊದಲು ಬೇಡ. ಸಂದು ಬಿಟ್ಕೊಂಡಿದೆ ಅಂದ್ರೆ ಬ್ಯಾಟರಿ ಉಬ್ಬಿದೆ ಅಂತ ಲೆಕ್ಕ, ಯುಎಸ್‌ಬಿಗೆ ಹಾಕಿದ ತಕ್ಷಣ ಐಪಾಡ್ ಬ್ಯಾಟರಿ ಚಾರ್ಜ್ ಮಾಡೋಕೆ ಶುರು ಮಾಡತ್ತೆ, 30 ಜಿಬಿ ಕಾಪಿ ಆಗೋಕೆ ತುಂಬಾ ಹೊತ್ತು ಬೇಕು, ಅಷ್ಟು ಹೊತ್ತು ಉಬ್ಬಿದ ಬ್ಯಾಟರಿಗೆ ಕರೆಂಟ್ ಕೊಡೋದು ಬೇಡವೇ ಬೇಡ. ಶಿರಸಿಯವ್ರೇ, ಇವತ್ತಿಂದ ಚಾರ್ಜಿಂಗ್ ನಿಲ್ಸಿ, ಅಪ್ಪನವ್ರಿಗೂ ಹೇಳಿ. ಒಳಗೆ ಗ್ಯಾಸ್ ಕಟ್ಟಿ ಉಬ್ಬಿರೋದು, ಚುಚ್ಚಿದ್ರೆ ಇಲ್ಲ ಮಡಚಿದ್ರೆ ಒಳಗಿನ ಪದರಗಳು ಶಾರ್ಟ್ ಆಗಿ ಬೆಂಕಿ ಹತ್ಕೊಳತ್ತೆ. ಇದೇನು ಸುಮ್ನೆ ಹೆದರಿಸ್ತಿಲ್ಲ, ಆಪಲ್ ಕಂಪನಿನೇ 2011ರ ನವೆಂಬರಲ್ಲಿ ಮೊದಲ ಜನರೇಶನ್ ಐಪಾಡ್ ನ್ಯಾನೋಗಳನ್ನ, ಅಂದ್ರೆ 2005ರ ಸೆಪ್ಟೆಂಬರಿಂದ 2006ರ ಡಿಸೆಂಬರ್ ತನಕ ಮಾರಿದ್ದನ್ನ, ಬ್ಯಾಟರಿ ಅತಿಯಾಗಿ ಬಿಸಿಯಾಗೋ ಅಪಾಯ ಇದೆ ಅಂತ ವಾಪಸ್ ತಗೊಂಡು ಬದಲಿ ಕೊಟ್ಟಿತ್ತು.

ಹಾಗಾಗಿ ಕ್ರಮ ಹೀಗೆ, ಹಳೇ ಬ್ಯಾಟರಿ ತೆಗಿ, ಹೊಸದು ಹಾಕು, ಆಮೇಲೆ ಬೇರೆ ಏನೂ ಮಾಡೋ ಮೊದಲು ಕಾಪಿ. ಹೊಸ ಬ್ಯಾಟರಿ ಸಿಗೋದು ತಡ ಆದ್ರೂ ಹಳೇದನ್ನ ಮೊದಲು ತೆಗೆದಿಡಿ, ಯಾಕಂದ್ರೆ ಅದು ಒಳಗಿಂದ ಡಿಸ್ಕನ್ನೂ ಒತ್ತುತ್ತಾ ಇರತ್ತೆ.

ಬಿಚ್ಚೋದು. ನಿಮ್ಮದು ಐದನೇ ಜನರೇಶನ್, 2005ರಲ್ಲಿ ಬಂದ ಮಾಡೆಲ್, ಬಾಡಿಗೆ ಸ್ಕ್ರೂ ಒಂದೂ ಇಲ್ಲ, ಸುತ್ತ ಕ್ಲಿಪ್ ಮೇಲೆ ನಿಂತಿದೆ. ಮುಂದಿನ ಭಾಗ ಪ್ಲಾಸ್ಟಿಕ್ ಇರೋದು ನಿಮ್ಮ ಪುಣ್ಯ, 2007ರಲ್ಲಿ ಬಂದ ಐಪಾಡ್ ಕ್ಲಾಸಿಕ್‌ಗೆ ಮುಂದೂ ಲೋಹ, ಅದನ್ನ ಬಿಚ್ಚೋದು ತುಂಬಾ ಕಷ್ಟ, ಅಂಚು ಸೊಟ್ಟ ಆಗದೇ ತೆರೆದವ್ರು ಕಮ್ಮಿ. ಮೊದಲು ಹೋಲ್ಡ್ ಸ್ವಿಚ್ (ಮೇಲ್ಗಡೆ ಇರೋ, ಬಟನ್ ಲಾಕ್ ಮಾಡೋ ಸಣ್ಣ ಸ್ವಿಚ್) ಆನ್ ಮಾಡಿಡಿ, ಮಧ್ಯದಲ್ಲಿ ತಾನೇ ಆನ್ ಆಗಲ್ಲ. ಗಿಟಾರ್ ಪಿಕ್ ಅಥವಾ ಮೊಬೈಲ್ ರಿಪೇರಿಯವ್ರ ಹತ್ರ ಇರೋ ಪ್ಲಾಸ್ಟಿಕ್ ಓಪನರ್ ತಗೊಳಿ, ಸಂದು ಇಲ್ಲದ ಬದಿಯಿಂದ ಶುರು ಮಾಡಿ, ಉಬ್ಬಿದ ಕಡೆಯಿಂದ ಒಳಗೆ ತೂರಿಸಿದ್ರೆ ನೇರ ಬ್ಯಾಟರಿಗೇ ತಗಲಬಹುದು. ಎರಡು ಮಿಲಿಮೀಟರಿಗಿಂತ ಆಳಕ್ಕೆ ಹೋಗ್ಬೇಡಿ. ಒಂದೊಂದೇ ಕ್ಲಿಪ್ ಟಕ್ ಅಂತ ಬಿಡ್ತಾ ಬರತ್ತೆ. ಸ್ಕ್ರೂಡ್ರೈವರ್, ಚಾಕು ಯಾವ್ದೂ ಬೇಡ.

ಎಲ್ಲಾ ಕ್ಲಿಪ್ ಬಿಟ್ಟ ಮೇಲೆ ಖುಷಿಲಿ ಎರಡು ಭಾಗನ ಎಳೆದು ಬೇರೆ ಮಾಡೋದಕ್ಕೆ ಹೋಗ್ತಾರೆ, ಐಪಾಡ್‌ಗಳು ಸಾಯೋದು ಅಲ್ಲೇ. ಒಳಗೆ ಎರಡು ತೆಳು ರಿಬ್ಬನ್ ಕೇಬಲ್ ಎರಡು ಭಾಗನೂ ಹಿಡ್ಕೊಂಡಿರತ್ತೆ, ಒಂದು ಬ್ಯಾಟರಿದು, ಇನ್ನೊಂದು ಹೆಡ್‌ಫೋನ್ ಜ್ಯಾಕ್ ಮತ್ತು ಹೋಲ್ಡ್ ಸ್ವಿಚ್ಚಿಂದು. ಸ್ವಲ್ಪವೇ ತೆರೆದು ಬ್ಯಾಟರಿ ರಿಬ್ಬನ್ ಕೂತಿರೋ ಕನೆಕ್ಟರಿನ ಸಣ್ಣ ಲಾಚನ್ನ ಪ್ಲಾಸ್ಟಿಕ್ ತುದಿಯಿಂದ ಮೇಲಕ್ಕೆ ಎತ್ತಿ, ರಿಬ್ಬನ್ ತಾನೇ ಜಾರಿ ಬರತ್ತೆ. ಲಾಚ್ ಮಾತ್ರ ಎತ್ತೋದು, ಇಡೀ ಕನೆಕ್ಟರನ್ನ ಬೋರ್ಡಿಂದ ಕಿತ್ರೆ ಮನೇಲಿ ಸರಿ ಮಾಡೋಕೆ ಆಗಲ್ಲ. ಆಮೇಲೆ ಪುಸ್ತಕ ತೆರೆದ ಹಾಗೆ ಎರಡು ಭಾಗನ ಪಕ್ಕಪಕ್ಕ ಮಲಗಿಸಿ, ಜ್ಯಾಕ್ ರಿಬ್ಬನ್ ಹಾಗೇ ಇರ್ಲಿ, ಅದನ್ನ ಬಿಚ್ಚೋ ಅಗತ್ಯ ಇಲ್ಲ.

ಬ್ಯಾಟರಿ ಹಿಂದಿನ ಸ್ಟೀಲ್ ಪ್ಲೇಟಿಗೆ ಅಂಟಿರತ್ತೆ. ಅದ್ರ ಕೆಳಗೆ ಹಳೇ ಎಟಿಎಂ ಕಾರ್ಡನ್ನ ತಳ್ಳುತ್ತಾ ನಿಧಾನಕ್ಕೆ ಬಿಡಿಸಿ, ಮೂಲೆ ಹಿಡಿದು ಎತ್ತಿ ಬಗ್ಗಿಸ್ಬೇಡಿ, ಹೇರ್ ಡ್ರೈಯರ್ ಬಿಸಿ ಉಬ್ಬಿದ ಬ್ಯಾಟರಿಗೆ ತೋರಿಸಲೇಬೇಡಿ. ಅಂಗಳದಲ್ಲಿ ಸಿಮೆಂಟ್ ನೆಲದ ಮೇಲೆ ಮಾಡಿ, ಪಕ್ಕದಲ್ಲಿ ಮರಳು ತುಂಬಿದ ಬಕೆಟ್ ಇಟ್ಕೊಳಿ.

ಹೊಸ ಬ್ಯಾಟರಿ ತಗೊಳೋವಾಗ 30 ಜಿಬಿಯ ತೆಳು ಮಾಡೆಲ್‌ದು ಅಂತ ಹೇಳಿ. 30 ಜಿಬಿ ಐಪಾಡ್ 11 ಮಿಮೀ ದಪ್ಪ, 60 ಜಿಬಿದು 14 ಮಿಮೀ, ಎರಡಕ್ಕೂ ಬ್ಯಾಟರಿ ಬೇರೆ. ದಪ್ಪದ್ದು ಹಾಕಿ ಒತ್ತಿ ಮುಚ್ಚಿದ್ರೆ ಡಿಸ್ಕ್ ಮೇಲೆ ಭಾರ ಬೀಳತ್ತೆ.

ಧಾರವಾಡದಾಂವ:

ಬ್ಯಾಟರಿ ಖರೀದಿ ಬಗ್ಗೆ ನಂದೂ ನಾಕು ಮಾತು ಕೇಳ್ರಿ. ಆನ್‌ಲೈನ್‌ನ್ಯಾಗ 30 ಜಿಬಿ ತೆಳು ಮಾಡೆಲ್ಲಿಗೆ 1000, 1200 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡೀತದ ಅನ್ನೂ ಅಳತಿ) ಅಂತ ಬರದು ಮಾರ್ತಾರ, ನಂಬಬ್ಯಾಡ್ರಿ. ಅಷ್ಟು ಸಣ್ಣ ಜಾಗಾದಾಗ ಅಷ್ಟು ಹಿಡಸೂದಿಲ್ಲ. ಬಿಡಿ ಪೌಚ್ ಬ್ಯಾಟರಿ ಮ್ಯಾಲ ಆರು ಅಂಕಿ ನಂಬರ್ ಇರ್ತದ ನೋಡ್ರಿ, 503035 ಅಂದ್ರ ದಪ್ಪ 5.0 ಮಿಮೀ, ಅಗಲ 30 ಮಿಮೀ, ಉದ್ದ 35 ಮಿಮೀ, ಆ ಸೈಜಿಗೆ ಸುಮಾರು 500 ಎಂಎಎಚ್ ಬರೂದು ಸಹಜ. ಅದೇ ಸೈಜಿಗೆ ಎರಡು ಪಟ್ಟು ಬರದಿದ್ರ ಅದು ಬರೇ ಸ್ಟಿಕರ್. ಅಳತಿ ಮಾಡಿ ಹೋಲಿಸಿದ್ರ ಮೋಸ ಗೊತ್ತಾಗ್ತದ.

ಬಂದ ಮ್ಯಾಲ ಮಲ್ಟಿಮೀಟರ್ ಹಚ್ಚಿ ನೋಡ್ರಿ. ಒಳ್ಳೆ ಬ್ಯಾಟರಿ 3.6, 3.8 ವೋಲ್ಟ್ ಹತ್ರ ಇರ್ತದ, ಅದು ಅರ್ಧ ಚಾರ್ಜ್. 2.5 ವೋಲ್ಟಿಗಿಂತ ಕೆಳಗ ಇಳದು ಬಂದಿದ್ರ ಅಂಗಡ್ಯಾಗ ವರ್ಷಗಟ್ಲೆ ಬಿದ್ದಿದ್ದು ಅಂತ ಅರ್ಥ, ವಾಪಸ್ ಕಳಸ್ರಿ, ಅದನ್ನ ಚಾರ್ಜ್ ಮಾಡಿ ಎಬ್ಬಸೂದು ಬ್ಯಾಡ.

ಕಾವೇರಿತೀರ:

ಇದೇ ಚರ್ಚೆಯಲ್ಲಿ ನಂದೂ ಒಂದು ಪ್ರಶ್ನೆ, ನನ್ನ ಹತ್ರ ಹೆಸರಿಲ್ಲದ ಒಂದು ಹಳೇ ಎಂಪಿ3 ಪ್ಲೇಯರ್ ಇದೆ, ಬಿಚ್ಚಿದೆ, ಅದ್ರಲ್ಲಿ ಕನೆಕ್ಟರ್ ಇಲ್ಲ, ಬ್ಯಾಟರಿ ವೈರ್ ನೇರ ಬೋರ್ಡಿಗೆ ಸೋಲ್ಡರ್ ಆಗಿದೆ. ಮೂರು ವೈರ್ ಇದೆ, ಕೆಂಪು ಕಪ್ಪು ಹಳದಿ. ಅಂಗಡೀಲಿ ಸಿಗ್ತಿರೋದು ಎರಡು ವೈರಿಂದು. ಹಳದಿ ಬಿಟ್ಟು ಎರಡೇ ಹಾಕಿದ್ರೆ ಆಗತ್ತಾ?

ಧಾರವಾಡದಾಂವ:

ಆ ಹಳದಿ ವೈರ್ ಬಹುಶಃ ಟೆಂಪರೇಚರ್ ಸೆನ್ಸರಿಂದು, ಥರ್ಮಿಸ್ಟರ್ ಅಂತಾರ. ಬ್ಯಾಟರಿ ಕಾದಾಗ ಚಾರ್ಜಿಂಗ್ ನಿಲ್ಲಸ್ಲಿಕ್ಕೆ ಇಟ್ಟಿದ್ದು. ಹಳೇ ಬ್ಯಾಟರಿ ತಗದ ಮ್ಯಾಲ ಹಳದಿಗೂ ಕಪ್ಪಿಗೂ ನಡುವ ಓಮ್ ನೋಡ್ರಿ, 10 ಕಿಲೋ ಓಮ್ ಹತ್ರ ತೋರ್ಸಿ, ಕೈಯಾಗ ಬೆಚ್ಚಗ ಹಿಡದ್ರ ಇಳದ್ರ ಅದು ಥರ್ಮಿಸ್ಟರೇ. ಬಿಟ್ಟು ಹಾಕಿದ್ರ ಭಾಳಷ್ಟು ಪ್ಲೇಯರ್ ಚಾರ್ಜೇ ತಗೊಳ್ಳೂದಿಲ್ಲ. ಕೆಲವ್ರು ಅಲ್ಲೆ ಒಂದು 10ಕೆ ರೆಸಿಸ್ಟರ್ ಹಾಕಿ ಮುಗಸ್ತಾರ, ನಡೀತದ ಖರೆ, ಆದ್ರ ಬ್ಯಾಟರಿ ಎಷ್ಟ ಕಾದ್ರೂ ಪ್ಲೇಯರಿಗೆ ತಣ್ಣಗ ಐತಿ ಅಂತನ ತಿಳೀತದ. ಜೇಬಿನ್ಯಾಗ ಇಟ್ಕೊಳ್ಳೂ ಸಾಮಾನು ಅದು. ನಾ ಅಂತೂ ಹಾಕೂದಿಲ್ಲ, ಮೂರು ವೈರಿಂದನ ಹುಡುಕ್ರಿ, ಸಿಗ್ತಾವ.

ಮತ್ತ ವೈರ್ ಕತ್ತರಸೂ ಮುಂದ ಒಂದೊಂದ ಕತ್ತರಸ್ರಿ. ಮೂರೂ ಕೂಡಿಸಿ ಕಟರ್ ಹಾಕಿದ್ರ ಕಟರಿನ ಲೋಹನ ಕೆಂಪು ಕಪ್ಪು ಎರಡನ್ನೂ ಕೂಡಸ್ತದ, ಕಿಡಿ ಹಾರ್ತದ. ಒಂದು ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ಆಮ್ಯಾಲ ಇನ್ನೊಂದು. ಹೊಸಾದ್ರಾಗ ಬಣ್ಣ ನಂಬಬ್ಯಾಡ್ರಿ, ಮೀಟರ್ ಹಚ್ಚಿ ಪ್ಲಸ್ ಯಾವ್ದು ಮೈನಸ್ ಯಾವ್ದು ನೋಡಿನ ಬೆಸಿಗಿ ಹಾಕ್ರಿ.

ಮಸ್ಕತ್‌ಕನ್ನಡಿಗ:

ಅಣ್ಣನ ಕೈಲಿ ತರಿಸೋದಾದ್ರೆ ಒಂದು ವಿಷ್ಯ, ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಲಗೇಜಲ್ಲಿ ಹಾಕೋ ಹಾಗಿಲ್ಲ, ಕೈಯಲ್ಲಿ ಹಿಡಿಯೋ ಬ್ಯಾಗಲ್ಲೇ ತರ್ಬೇಕು. ತುದಿಗೆ ಟೇಪ್ ಹಾಕಿ ಪ್ಲಾಸ್ಟಿಕ್ ಕವರಲ್ಲಿ ಬೇರೆ ಇಟ್ಕೊಳೋಕೆ ಹೇಳಿ. ಉಬ್ಬಿದ ಬ್ಯಾಟರಿ ವಿಮಾನಕ್ಕೆ ಪೂರ್ತಿ ನಿಷೇಧ, ಹಾಗಾಗಿ ಐಪಾಡನ್ನೇ ಅಣ್ಣನ ಕೈಲಿ ಕಳ್ಸಿ ಅಲ್ಲಿ ರಿಪೇರಿ ಮಾಡಿಸೋ ಯೋಚನೆ ಇದ್ರೆ ಬಿಟ್ಬಿಡಿ. ಬೆಂಗಳೂರಿಗೆ ಹೋಗೋರಿದ್ರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಲ್ಲೂ ವಿಚಾರಿಸಿ, ಹಳೇ ಸಾಮಾನಿನ ಪಾರ್ಟ್ ಗೊತ್ತಿರೋರು ಇನ್ನೂ ಇದ್ದಾರೆ.

ಶಿರಸಿಕಡೆಯವ:

ಎಲ್ರಿಗೂ ತುಂಬಾ ಉಪಕಾರ ಆಯ್ತು. ಹಳೇ ಬ್ಯಾಟರಿ ಹೊರಗೆ ಬಂತು, ನಿಜವಾಗ್ಲೂ ದಿಂಬಿನ ಹಾಗೆ ಉಬ್ಬಿತ್ತು. ಅಣ್ಣ ಬರೋವರೆಗೆ ಕಾಯ್ಲಿಲ್ಲ, ಇಲ್ಲೇ ತರಿಸಿದೆ, ಮೀಟರಲ್ಲಿ 3.7 ತೋರಿಸ್ತು, ಹಾಕಿದೆ. ಮೊದಲ ಸಲ ಮುಚ್ಚಿದಾಗ ಹೆಡ್‌ಫೋನಲ್ಲಿ ಒಂದೇ ಕಿವಿಗೆ ಸದ್ದು ಬರ್ತಿತ್ತು, ಮತ್ತೆ ತೆರೆದು ಜ್ಯಾಕಿನ ರಿಬ್ಬನ್ ಸರಿಯಾಗಿ ಕೂರಿಸಿದ ಮೇಲೆ ಎರಡೂ ಕಡೆ ಬಂತು. ಐಪಾಡ್ ಕಂಟ್ರೋಲ್ ಫೋಲ್ಡರ್ ಪೂರ್ತಿ ಕಾಪಿ ಮಾಡಿ ಲ್ಯಾಪ್‌ಟಾಪಲ್ಲೊಂದು, ಬೇರೆ ಹಾರ್ಡ್ ಡಿಸ್ಕಲ್ಲೊಂದು ಇಟ್ಟೆ. ಊರಿನ ಕೂಟಗಳಿಗೆ ಟ್ಯಾಗ್ ಇರ್ಲಿಲ್ಲ, ಅಪ್ಪಯ್ಯ ಪಕ್ಕದಲ್ಲಿ ಕೂತು ಧ್ವನಿ ಕೇಳೇ ಇದು ಯಾವ ಪ್ರಸಂಗ, ಅರ್ಥ ಯಾರದ್ದು ಅಂತ ಹೇಳ್ತಾ ಹೋದ್ರು, ನಾನು ಬರ್ಕೊಂಡೆ.

ಇನ್ನೆರಡು ಕೇಳೋದಿದೆ. ಡಿಸ್ಕೂ ಅಷ್ಟೇ ಹಳೇದು, ಅದು ಎಷ್ಟು ದಿನ ಬರತ್ತೆ ಅಂತ ತಿಳಿಯೋ ದಾರಿ ಇದ್ಯಾ? ಮತ್ತೆ ಈ ಉಬ್ಬಿದ ಬ್ಯಾಟರಿ ಎಲ್ಲಿಗೆ ಕೊಡೋದು?

ಹಳೇಗ್ಯಾಜೆಟ್:

ಕೂಟಗಳನ್ನ ಎರಡು ಕಡೆ ಇಟ್ರಲ್ಲ, ಅದು ಕೇಳಿ ನೆಮ್ಮದಿ ಆಯ್ತು. ಅಪ್ಪನವ್ರು ಹೇಳಿದ ಹೆಸರುಗಳನ್ನ ಫೈಲಿನ ಟ್ಯಾಗಿಗೂ ಹಾಕಿಡಿ, ಕಾಗದ ಕಳೆದು ಹೋಗತ್ತೆ.

ಡಿಸ್ಕ್ ನೋಡೋಕೆ ಐಪಾಡಲ್ಲೇ ವ್ಯವಸ್ಥೆ ಇದೆ. ಮೆನು ಮತ್ತೆ ಮಧ್ಯದ ಬಟನ್ ಒಟ್ಟಿಗೆ ಒತ್ತಿ ಹಿಡಿದ್ರೆ ರೀಸೆಟ್ ಆಗತ್ತೆ, ಆಪಲ್ ಚಿಹ್ನೆ ಬಂದ ತಕ್ಷಣ ಮಧ್ಯದ ಬಟನ್ ಜೊತೆ ಹಿಂದಿನ ಹಾಡಿನ ಬಟನ್ ಒತ್ತಿ ಹಿಡೀರಿ, ಡಯಾಗ್ನೋಸ್ಟಿಕ್ ಮೆನು ಬರತ್ತೆ. ಅದ್ರಲ್ಲಿ ಹಾರ್ಡ್ ಡ್ರೈವಿನ ಸ್ಮಾರ್ಟ್ ಡೇಟಾ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ಲೆಕ್ಕ) ನೋಡಿ, ರಿಆಲಾಕ್ಸ್ (ಕೆಟ್ಟು ಬದಲಿ ಕೊಟ್ಟ ಜಾಗಗಳು) ಮತ್ತು ಪೆಂಡಿಂಗ್ ಸೆಕ್ಟರ್ಸ್ (ಓದೋಕೆ ಕಷ್ಟ ಆಗ್ತಿರೋ ಜಾಗಗಳು) ಎರಡೂ ಸೊನ್ನೆ ಇದ್ರೆ ಸದ್ಯ ಚಿಂತೆ ಇಲ್ಲ, ಪೆಂಡಿಂಗ್ ಏರ್ತಾ ಹೋದ್ರೆ ಡಿಸ್ಕ್ ಹೋಗ್ತಿದೆ ಅಂತ. ಆಗ ಎಸ್‌ಡಿ ಕಾರ್ಡ್ ಹಾಕೋ ಅಡಾಪ್ಟರ್ ಸಿಗತ್ತೆ, ಐಫ್ಲ್ಯಾಶ್ ಅಂತ, ಡಿಸ್ಕಿನ ರಿಬ್ಬನ್ನಿಗೇ ಕೂರತ್ತೆ. ತಿರುಗೋ ಭಾಗ ಇಲ್ಲದೇ ಇರೋದ್ರಿಂದ ಕರೆಂಟೂ ಕಮ್ಮಿ ತಿನ್ನತ್ತೆ, ಕೈತಪ್ಪಿ ಬಿದ್ರೂ ಡಿಸ್ಕ್ ಹೋಯ್ತು ಅನ್ನೋ ಭಯ ಇಲ್ಲ. ಕಾರ್ಡ್ ಹಾಕಿದ ಮೇಲೆ ಐಟ್ಯೂನ್ಸಲ್ಲಿ ರಿಸ್ಟೋರ್ ಮಾಡಿ ಹಾಡೆಲ್ಲ ಮತ್ತೆ ತುಂಬ್ಬೇಕು, ನಿಮ್ಮ ಹತ್ರ ಈಗ ಕಾಪಿ ಇದೆಯಲ್ಲ. ಸದ್ಯಕ್ಕೆ ಚೆನ್ನಾಗಿ ಓಡ್ತಿದ್ರೆ ಮುಟ್ಟಬೇಡಿ, ಪದೇ ಪದೇ ತೆರೆದ್ರೆ ಕ್ಲಿಪ್ ಸಡಿಲ ಆಗತ್ತೆ.

ಹಳೇ ಬ್ಯಾಟರಿನ ಪಂಚಾಯ್ತಿ ಕಸದ ಗಾಡಿಗೆ ಹಾಕ್ಬೇಡಿ, ಕಸ ಒತ್ತುವಾಗ ಅದು ಜಜ್ಜಿ ಬೆಂಕಿ ಹತ್ತತ್ತೆ, ಕಸ ಆರಿಸೋ ಜನರ ಕೈಯಲ್ಲೇ ಹತ್ಬಹುದು. ರಿಬ್ಬನ್ ತುದಿಗೆ ಟೇಪ್ ಸುತ್ತಿ, ಮರಳು ಹಾಕಿದ ತಗಡಿನ ಡಬ್ಬೀಲಿಟ್ಟು ಮನೆಯಿಂದ ಹೊರಗೆ ನೆರಳಲ್ಲಿಡಿ, ಮುಚ್ಚಳ ಬಿಗಿ ಮಾಡ್ಬೇಡಿ. ಹುಬ್ಬಳ್ಳಿ ಕಡೆಗೋ ಬೆಂಗಳೂರು ಕಡೆಗೋ ಹೋಗೋವಾಗ ಪರವಾನಗಿ ಇರೋ ಇ-ವೇಸ್ಟ್ ಸಂಗ್ರಹದವ್ರಿಗೆ ಕೊಡಿ, ಬಸ್ಸಲ್ಲಿ ಒಯ್ಯೋದು ಬೇಡ, ಸ್ವಂತ ಗಾಡೀಲಿ ಹೋಗೋವಾಗ ಮಾತ್ರ. 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಬ್ಯಾಟರಿ ಮಾರೋ ಕಂಪನಿಗಳಿಗೇ ಹಳೇದನ್ನ ಸಂಗ್ರಹಿಸೋ ಹೊಣೆ ಹಾಕಿದ್ದಾರೆ, ಕೊಡೋವಾಗ ಉಬ್ಬಿದೆ ಅಂತ ಮೊದಲೇ ಹೇಳಿ, ಅವ್ರು ಬೇರೆ ಇಟ್ಕೋತಾರೆ.