ಮಂಡಿ ಸವೆತಕ್ಕೆ ಯಾವ ಚಿಕಿತ್ಸೆ ಮೊದಲು, ಯಾವುದು ಆಮೇಲೆ?

ಪ್ರಶ್ನೆ: ತಿಪಟೂರಿನಲ್ಲಿರುವ ನಮ್ಮ ತಾಯಿಗೆ 63 ವರ್ಷ, ತೂಕ 76 ಕೆ.ಜಿ. ಎರಡೂ ಮಂಡಿಗಳು ಸವೆದಿದ್ದು, ಎಕ್ಸ್‌ರೇ ನೋಡಿದ ವೈದ್ಯರು ಮೂರನೇ ಹಂತ ಎಂದಿದ್ದಾರೆ. ಒಬ್ಬರು ಪಿ.ಆರ್.ಪಿ. ಇಂಜೆಕ್ಷನ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಈಗಲೇ ಮಂಡಿ ಬದಲಾಯಿಸಿಬಿಡಿ ಎನ್ನುತ್ತಾರೆ, ಊರಿನವರು ಜಾನುಬಸ್ತಿ ಮಾಡಿಸಿ ಎನ್ನುತ್ತಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಹಾಸನದಿಂದ ಉತ್ತರ:

ನೀವು ಹೆಸರಿಸಿರುವ ಮೂರನ್ನೂ ನಮ್ಮ ತಾಯಿಗೆ ಎಂಟು ವರ್ಷಗಳಲ್ಲಿ ಮಾಡಿಸಿದ್ದೇವೆ. ಆದರೆ ಮೊದಲು ಮಾಡಬೇಕಾಗಿದ್ದ ವ್ಯಾಯಾಮವನ್ನು ಹಣವೂ ಧೈರ್ಯವೂ ಕರಗಿದ ಮೇಲೆ ಹಿಡಿದೆವು. ನಿಮ್ಮ ತಾಯಿಗೆ ಹಾಗಾಗಬಾರದು ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ‘ಮೂರನೇ ಹಂತ’ ಎಂಬ ಮಾತಿಗೆ ಹೆದರಬೇಡಿ. ಅದು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಪ್ರಕಟಿಸಿದ, ಸೊನ್ನೆಯಿಂದ ನಾಲ್ಕರವರೆಗಿನ ಅಳತೆ. ಮೂಳೆಗಳ ನಡುವಿನ ಜಾಗ ಎಷ್ಟು ಕಿರಿದಾಗಿದೆ, ಅಂಚಿನಲ್ಲಿ ಮೂಳೆ ಎಷ್ಟು ಬೆಳೆದಿದೆ ಎಂಬುದನ್ನು ಅದು ತಿಳಿಸುತ್ತದೆಯೇ ಹೊರತು ನೋವು ಎಷ್ಟಿದೆ ಎಂಬುದನ್ನಲ್ಲ. ನಮ್ಮ ತಾಯಿಗೆ ಎಕ್ಸ್‌ರೇಯಲ್ಲಿ ಹೆಚ್ಚು ಕೆಟ್ಟಿದ್ದದ್ದು ಬಲಮಂಡಿ, ಆದರೆ ಆ ವರ್ಷಗಳಲ್ಲಿ ರಾತ್ರಿ ಎಬ್ಬಿಸುತ್ತಿದ್ದದ್ದು ಎಡಮಂಡಿ. ಆದ್ದರಿಂದ ಎಷ್ಟು ದೂರ ನಡೆಯಬಲ್ಲರು, ಮೆಟ್ಟಿಲು ಇಳಿಯಬಲ್ಲರೇ, ರಾತ್ರಿ ನಿದ್ದೆ ಬರುತ್ತಿದೆಯೇ ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರ ಬಳಿಗೆ ಹೋಗಿ.

ಪಿ.ಆರ್.ಪಿ. ಎಂದರೆ ರೋಗಿಯ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್‌ಗಳು ಹೆಚ್ಚಿರುವ ಭಾಗವನ್ನು ಮಂಡಿಯೊಳಗೆ ಚುಚ್ಚುವುದು. ನಾವು ಒಂದು ಕ್ಲಿನಿಕ್‌ನಲ್ಲಿ ಮೂರು ಬಾರಿ ಹಾಕಿಸಿದೆವು. ‘ಮೃದ್ವಸ್ಥಿ, ಅಂದರೆ ಮೂಳೆಯ ತುದಿಗಿರುವ ಮೆತ್ತನೆಯ ಹೊದಿಕೆ, ಮತ್ತೆ ಬೆಳೆಯುತ್ತದೆ’ ಎಂದು ಅವರು ಹೇಳಿದ್ದನ್ನು ನಂಬಿ ಚಿನ್ನದ ಬಳೆ ಅಡವಿಟ್ಟಿದ್ದೆವು. ಎರಡು ತಿಂಗಳು ಹಗುರವೆನಿಸಿ, ಆಮೇಲೆ ನೋವು ಮೊದಲಿನಂತೆಯೇ ಆಯಿತು. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವನ್ನು ಓದಿದ್ದು ಬಳೆ ಅಡವಿಗೆ ಹೋದ ಮೇಲೆ. ಎರಡು ಮತ್ತು ಮೂರನೇ ಹಂತದ ಸವೆತವಿದ್ದ ಆ ಜನರಲ್ಲಿ, ಒಂದು ವರ್ಷದ ನಂತರ ಪಿ.ಆರ್.ಪಿ. ಪಡೆದವರಿಗೂ ಬರೀ ಉಪ್ಪುನೀರಿನ ಇಂಜೆಕ್ಷನ್ ಪಡೆದವರಿಗೂ ನೋವಿನಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇನ್ನು ಸ್ಟೀರಾಯ್ಡ್ ಇಂಜೆಕ್ಷನ್, ಮಂಡಿ ಊದಿ ಕಾಲೂರಲಾಗದಿದ್ದಾಗ ಕೆಲವು ವಾರ ನಿಜವಾಗಿಯೂ ನೋವು ಇಳಿಸುತ್ತದೆ. ಆದರೆ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೃದ್ವಸ್ಥಿ ಇನ್ನಷ್ಟು ತೆಳುವಾಯಿತು, ನೋವು ಮಾತ್ರ ಉಪ್ಪುನೀರು ಪಡೆದವರಿಗಿಂತ ಕಡಿಮೆಯಾಗಲಿಲ್ಲ.

ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಜಾನುಬಸ್ತಿಯಿಂದ ತಾಯಿಗೆ ಬಿಗಿತ ಸಡಿಲವಾಗಿ ಒಂದೆರಡು ವಾರ ಹಿತವೆನಿಸುತ್ತಿತ್ತು. ಹಿತಕ್ಕಾಗಿ ಮಾಡಿಸಿ, ಅದನ್ನೇ ನೆಚ್ಚಿಕೊಂಡು ವ್ಯಾಯಾಮ ಬಿಡಬೇಡಿ. ಮಾತ್ರೆಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಬಿ.ಪಿ. ಇದ್ದ ನಮ್ಮ ತಾಯಿ ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ಐದು ತಿಂಗಳು ನಿತ್ಯ ನುಂಗಿದ್ದರಿಂದ ಕ್ರಿಯಾಟಿನಿನ್ ಏರಿ, ಮೂತ್ರಪಿಂಡದ ವೈದ್ಯರನ್ನು ಕಾಣಬೇಕಾಯಿತು. ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್‌ನಿಂದ ಆರಂಭಿಸುವುದು ಅದಕ್ಕಿಂತ ಎಷ್ಟೋ ಸುರಕ್ಷಿತ.

ನಮಗೆ ನಿಜವಾಗಿ ಕೈಹಿಡಿದದ್ದು ತೊಡೆಯ ವ್ಯಾಯಾಮ. ಮಡಿಸಿದ ಟವೆಲನ್ನು ಮಂಡಿಯ ಕೆಳಗಿಟ್ಟು ಹತ್ತು ಎಣಿಸುವವರೆಗೆ ಒತ್ತುವುದು, ಕಾಲನ್ನು ನೇರವಾಗಿ ಒಂದು ಗೇಣು ಎತ್ತಿ ಹಿಡಿಯುವುದು, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಇಷ್ಟನ್ನೇ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು. ತಿಂಗಳ ನಂತರ ಒಂದು ಕೆ.ಜಿ. ಉಪ್ಪಿನ ಪೊಟ್ಟಣವನ್ನು ಟವೆಲಿನಲ್ಲಿ ಸುತ್ತಿ ಪಾದದ ಮೇಲ್ಗಡೆ ಕಟ್ಟಿಕೊಂಡು, ಗೋಡೆಗೆ ಒರಗಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮ್ಮ ಎಣಿಸುತ್ತಾ ಕಾಲೆತ್ತುತ್ತಿದ್ದರು. ಆರು ವಾರ ಏನೂ ಬದಲಾಗಲಿಲ್ಲ, ಮೂರನೇ ತಿಂಗಳಲ್ಲಿ ಕಂಬಿ ಹಿಡಿಯದೆ ಮೆಟ್ಟಿಲಿಳಿದರು. ಸ್ಟೀರಾಯ್ಡ್ ಇಂಜೆಕ್ಷನ್ ಮತ್ತು ಫಿಸಿಯೋಥೆರಪಿಯನ್ನು 156 ಜನರಲ್ಲಿ ಹೋಲಿಸಿದ 2020ರ ಅಧ್ಯಯನದಲ್ಲಿಯೂ ವರ್ಷದ ಕೊನೆಗೆ ಫಿಸಿಯೋಥೆರಪಿ ಪಡೆದವರ ನೋವೇ ಕಡಿಮೆಯಿತ್ತು. ಇದರ ಜೊತೆಗೆ ತೂಕದ ಲೆಕ್ಕವೂ ಇದೆ. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ತಗ್ಗುತ್ತದೆ. ನಿಮ್ಮ ತಾಯಿ ಐದು ಕೆ.ಜಿ. ಇಳಿಸಿದರೆ ಎಷ್ಟಾಯಿತು ಎಂದು ನೀವೇ ಗುಣಿಸಿ ನೋಡಿ.

ಹಾಗೆಂದು ನಾನು ಶಸ್ತ್ರಚಿಕಿತ್ಸೆಯ ವಿರೋಧಿಯಲ್ಲ. ನಾಲ್ಕು ವರ್ಷ ಚೆನ್ನಾಗಿ ನಡೆದ ತಾಯಿಗೆ ಬಲಗಾಲು ಬಿಲ್ಲಿನಂತೆ ಬಾಗಿ, ನಿದ್ದೆ ಕೆಟ್ಟು, ಬೀದಿಯ ಕೊನೆಯವರೆಗೂ ಹೋಗಲಾಗದಂತಾದಾಗ ಆ ಮಂಡಿಯನ್ನು ಬದಲಾಯಿಸಿದೆವು. ಮೊದಲ ಆರು ವಾರ ಬಹಳ ಕಷ್ಟ. ಮಂಡಿ ಬಗ್ಗಿಸುವ ವ್ಯಾಯಾಮಕ್ಕೆ ಅವರು ಕಣ್ಣೀರಿಟ್ಟಿದ್ದಾರೆ. ಈಗ ದೇವಸ್ಥಾನಕ್ಕೆ ನಡೆದೇ ಹೋಗುತ್ತಾರೆ, ಆದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾರರು. ದೇವರ ಮನೆಗೆ ಕುರ್ಚಿ ಬಂದಿದೆ. ಹೀಗೆ ಬದಲಾಯಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ ಎಂದು 2019ರ ಅಧ್ಯಯನವೊಂದು ಅಂದಾಜಿಸಿದೆ. ಆದರೂ 63ನೇ ವಯಸ್ಸಿನಲ್ಲಿ ಅವಸರ ಬೇಡ. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿದೆ, ಕೋಬಾಲ್ಟ್ ಕ್ರೋಮಿಯಂನದಕ್ಕೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ನಿಗದಿಯಾಗಿತ್ತು. ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ತೋರಿಸಲು ಕೇಳಿ.

ಧಾರವಾಡದಿಂದ ಉತ್ತರ:

ನಾನು ನಿವೃತ್ತ ಶಿಕ್ಷಕ, 71 ವರ್ಷ, ಶಸ್ತ್ರಚಿಕಿತ್ಸೆಯಿಲ್ಲದೆ ನಡೆದಾಡುತ್ತಿದ್ದೇನೆ. ಹಾಸನದ ತಂಗಿಯವರು ಬರೆದದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಊರುಗೋಲನ್ನು ನೋವಿರುವ ಕಾಲಿನ ಕಡೆಯಲ್ಲ, ಎದುರುಗಡೆಯ ಕೈಯಲ್ಲಿ ಹಿಡಿಯಬೇಕು. ಎರಡು ವರ್ಷ ತಪ್ಪು ಕೈಯಲ್ಲಿ ಹಿಡಿದಿದ್ದೆ, ಕೈ ಬದಲಿಸಿದ ದಿನವೇ ವ್ಯತ್ಯಾಸ ತಿಳಿಯಿತು. ಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯವಿದ್ದರೆ, ಯಾವ ಚಿಕಿತ್ಸೆಗೂ ಮೊದಲು ಕಮೋಡ್ ಹಾಕಿಸಿ. ದೂರ್ಬೀನಿನಿಂದ ಮಂಡಿಯೊಳಗೆ ‘ತೊಳೆದು ಸ್ವಚ್ಛ ಮಾಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಸವೆತದ ನೋವಿಗಾಗಿ ಒಪ್ಪಬೇಡಿ. ಅಮೆರಿಕದಲ್ಲಿ 180 ಜನರ ಮೇಲೆ ನಡೆದ 2002ರ ಅಧ್ಯಯನದಲ್ಲಿ ಕೆಲವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದಿದ್ದರು, ಅವರಿಗೂ ನಿಜವಾಗಿ ಮಾಡಿಸಿಕೊಂಡವರಿಗೂ ನೋವು ಒಂದೇ ಸಮನಾಗಿತ್ತು.

ಕೇಳಿದವರಿಂದ: ಇಬ್ಬರಿಗೂ ಧನ್ಯವಾದಗಳು. ವ್ಯಾಯಾಮ ಮಾಡಿದರೆ ಮಂಡಿ ಇನ್ನಷ್ಟು ಸವೆಯುತ್ತದೆ ಎಂದು ತಾಯಿ ಹೆದರುತ್ತಾರೆ. ಏನು ಹೇಳಲಿ?

ಹಾಸನದಿಂದ: ನಮ್ಮ ತಾಯಿಯೂ ಅದನ್ನೇ ಹೇಳುತ್ತಿದ್ದರು. ಫಿಸಿಯೋಥೆರಪಿಸ್ಟ್ ಕೊಟ್ಟ ಸೂತ್ರ ಹೀಗಿತ್ತು: ಮಾಡುವಾಗ ಸಹಿಸುವಷ್ಟು ನೋವಾಗಿ ಮರುದಿನ ಬೆಳಿಗ್ಗೆಯ ಹೊತ್ತಿಗೆ ಇಳಿದರೆ ಮುಂದುವರಿಸಿ, ಇಳಿಯದಿದ್ದರೆ ಅಥವಾ ಮಂಡಿ ಊದಿದರೆ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಮಂಡಿ ಬಿಸಿಯಾಗಿ ಕೆಂಪಾಗಿ ಜ್ವರ ಬಂದರೆ, ಅಥವಾ ಬಗ್ಗಿಸಲೂ ನೀಡಲೂ ಆಗದಂತೆ ಸಿಕ್ಕಿಕೊಂಡರೆ ಮಾತ್ರ ಅಂದೇ ವೈದ್ಯರಿಗೆ ತೋರಿಸಿ. ಮೊದಲ ವಾರ ನೀವೂ ಪಕ್ಕದಲ್ಲಿ ಕುಳಿತು ಅವರೊಂದಿಗೆ ಎಣಿಸಿ.