ಎಷ್ಟೊತ್ತಿಗೆ ಹೊರಡೋಣ?

ವಿಮಾನ ಇರುವುದು ನಾಳೆ ಬೆಳಗ್ಗೆ ಆರೂವರೆಗೆ. ಈಗ ರಾತ್ರಿ ಎಂಟು ಗಂಟೆ. ರಂಗಣ್ಣ ಆಗಲೇ ಶೂ ಹಾಕಿಕೊಂಡು, ಲೇಸನ್ನು ಎರಡು ಗಂಟು ಬಿಗಿದು, ಸೂಟ್‌ಕೇಸಿನ ಮೇಲೆ ಕೈಯಿಟ್ಟು ಕೂತಿದ್ದಾನೆ.

"ಹೊರಟುಬಿಡೋಣ," ಅಂದ.

"ಎಲ್ಲಿಗೆ?" ಅಂದ ಸೀನ.

"ಏರ್‌ಪೋರ್ಟಿಗೆ. ಅಲ್ಲೇ ಹೋಗಿ ಕೂತರಾಯ್ತು. ಮನಸ್ಸಿಗೆ ನೆಮ್ಮದಿ."

"ಹತ್ತೂವರೆ ಗಂಟೆ ಮುಂಚೆ ಹೋದವನನ್ನ ಪ್ರಯಾಣಿಕ ಅನ್ನಲ್ಲ ಕಣೋ, ವಾಚ್‌ಮನ್ ಅಂತಾರೆ."

ನಮ್ಮ ಗುಂಪಿನಲ್ಲಿ ನಾಲ್ಕು ಜನ. ಹೊರಡುವ ಹೊತ್ತಿನ ಬಗ್ಗೆ ಅಭಿಪ್ರಾಯ ಐದು, ಯಾಕೆಂದರೆ ನನಗೊಬ್ಬನಿಗೇ ಎರಡಿವೆ. ಸೀನನದು ಮಾತ್ರ ಸಿದ್ಧಾಂತ. ಅವನು ಎಲ್ಲಿಗೂ ತಡವಾಗಿ ಹೋಗುವವನು. ಸೋಮಾರಿತನ ಅಂದರೆ ಒಪ್ಪುವುದಿಲ್ಲ, ಅರ್ಥಶಾಸ್ತ್ರ ಅನ್ನುತ್ತಾನೆ.

"ಜಾರ್ಜ್ ಸ್ಟಿಗ್ಲರ್ ಅಂತ ಒಬ್ಬರಿದ್ರು, 1982ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಜೀವಮಾನದಲ್ಲಿ ಒಂದು ವಿಮಾನವನ್ನೂ ತಪ್ಪಿಸಿಕೊಳ್ಳದವನು ಏರ್‌ಪೋರ್ಟಿನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಕಳೀತಿದ್ದಾನೆ ಅಂತ ಅವರ ಹೆಸರಲ್ಲಿ ಒಂದು ಮಾತೇ ಇದೆ. ನೊಬೆಲ್ ಬಂದವರ ಮಾತು. ನಿನಗೇನು ಬಂದಿದೆ ರಂಗಣ್ಣ?"

"ನನಗೆ ಹೊಟ್ಟೆ ತೊಳಸಿ ಬರ್ತಿದೆ," ಅಂದ ರಂಗಣ್ಣ.

ಮೂಲೆಯಲ್ಲಿ ತನ್ನ ಬ್ಯಾಗು ಜೋಡಿಸುತ್ತಿದ್ದ ಪದ್ಮ ತಲೆ ಎತ್ತದೆ ಹೇಳಿದಳು: "ಸ್ಟಿಗ್ಲರ್ ತೀರಿಕೊಂಡಿದ್ದು 1991ರಲ್ಲಿ. ಶ್ಯಾಂಪೂ ಬಾಟಲಿ ಅಳೆಯೋ ಕಾಲ ಅವರು ನೋಡಲೇ ಇಲ್ಲ. ನೋಡಿದ್ದಿದ್ರೆ ಅವರೂ ಬೇಗ ಹೊರಡೋರು."

ರಂಗಣ್ಣನ ಭಯಕ್ಕೆ ಒಂದು ಇತಿಹಾಸವಿದೆ, ಅದನ್ನು ಹೇಳದೆ ಮುಂದೆ ಹೋಗುವುದು ಅನ್ಯಾಯ. ಒಂದು ಸಲ ಅವನ ಟಿಕೆಟ್ಟಿನಲ್ಲಿ 14ನೇ ತಾರೀಖು, 00:20 ಅಂತಿತ್ತು. ಇವನು 14ರ ರಾತ್ರಿ ಒಂಬತ್ತು ಇಪ್ಪತ್ತಕ್ಕೆ, ಸರಿಯಾಗಿ ಮೂರು ಗಂಟೆ ಮೊದಲು, ಕೌಂಟರಿನ ಮುಂದೆ ನಗುನಗುತ್ತಾ ನಿಂತ. ವಿಮಾನ ಹೋಗಿ ಇಪ್ಪತ್ತೊಂದು ಗಂಟೆಯಾಗಿತ್ತು. ಮಧ್ಯರಾತ್ರಿ ದಾಟಿದ ವಿಮಾನಕ್ಕೆ ಹಿಂದಿನ ದಿನದ ರಾತ್ರಿಯೇ ಮನೆ ಬಿಡಬೇಕು ಅನ್ನುವುದು ಆ ಹೊತ್ತಿಗೆ ಅವನಿಗೆ ಹೊಳೆಯಿತು. ಅಲ್ಲಿಂದ ಈಚೆಗೆ ಎಲ್ಲದಕ್ಕೂ ಬೇಗ ಹೋಗುತ್ತಾನೆ. ಅವತ್ತಿನ ಸಮಸ್ಯೆ ಬೇಗ-ತಡದ್ದಲ್ಲ, ತಾರೀಖಿನದು. ಆದರೆ ಪೆಟ್ಟು ತಿಂದವನಿಗೆ ತರ್ಕ ಹೇಳಿ ಪ್ರಯೋಜನವಿಲ್ಲ.

"ನೀವಿಬ್ಬರೂ ಆರೂವರೆ ಆರೂವರೆ ಅಂತ ಜಪ ಮಾಡ್ತಿದ್ದೀರಲ್ಲ, ಅದನ್ನ ಮರೆತುಬಿಡಿ," ಅಂದಳು ಪದ್ಮ. "ಆರೂವರೆ ಪೈಲಟ್‌ಗೆ ಸೇರಿದ ಹೊತ್ತು. ವಿಮಾನ ಗೇಟ್ ಬಿಟ್ಟು ಅಲ್ಲಾಡೋ ಗಳಿಗೆ ಅದು. ನಮ್ಮ ಗಳಿಗೆ ಬೇರೆ. ಬ್ಯಾಗ್ ತಗೊಳ್ಳೋ ಕೌಂಟರ್ ಐದೂವರೆಗೆ ಮುಚ್ಚುತ್ತೆ, ಟಿಕೆಟ್ಟಲ್ಲಿ ಬರೆದಿದೆ ನೋಡಿ. ಗೇಟ್ ಆರು ಹತ್ತಕ್ಕೆ ಮುಚ್ಚುತ್ತೆ. ಐದೂವರೆಯಿಂದ ಹಿಂದಕ್ಕೆ ಎಣಿಸ್ಕೊಂಡು ಬನ್ನಿ."

ಸೀನ ಬೆರಳು ಮಡಚಿ ಎಣಿಸಿದ. ಅವನ ಲೆಕ್ಕದಲ್ಲಿ ನಾಲ್ಕೂಮುಕ್ಕಾಲು ಬಂತು. ರಂಗಣ್ಣ ಎಣಿಸಿದ. ಅವನ ಲೆಕ್ಕದಲ್ಲಿ ನಿನ್ನೆ ಬಂತು.

"ದಾರೀಲಿ ಟೈರ್ ಪಂಕ್ಚರ್ ಆದ್ರೆ?" ಅಂದ.

"ಅದಕ್ಕೆ ಅರ್ಧ ಗಂಟೆ ಹಾಕ್ಕೋ."

"ಎರಡು ಟೈರ್ ಆದ್ರೆ?"

ಪದ್ಮ ಉತ್ತರಿಸಲಿಲ್ಲ.

ನಾನು ಮಾತು ತಿರುಗಿಸಲು, ಇಷ್ಟು ಬೆಳಗಿನ ವಿಮಾನವನ್ನು ಯಾರು ಆರಿಸಿದ್ದು ಅಂತ ಕೇಳಿದೆ. ಕೇಳಬಾರದಿತ್ತು, ಪದ್ಮಳೇ ಆರಿಸಿದ್ದು. "ಒಂದೇ ವಿಮಾನ ದಿನಾ ನಾಲ್ಕೈದು ಕಡೆ ಹೋಗಿ ಬರುತ್ತೆ. ಬೆಳಗ್ಗೆ ಒಂದು ಕಡೆ ಇಪ್ಪತ್ತು ನಿಮಿಷ ತಡ ಆದ್ರೆ ಸಾಯಂಕಾಲಕ್ಕೆ ಅದೇ ಎರಡು ಗಂಟೆ ಆದ್ರೂ ಆಗಬಹುದು, ಸಾಲದ ಬಡ್ಡಿ ಥರ. ಮೊದಲನೇ ವಿಮಾನ ಸಾಮಾನ್ಯವಾಗಿ ರಾತ್ರಿಯೇ ಬಂದು ನಿಂತಿರುತ್ತೆ. ಅದಕ್ಕೆ ಬಡ್ಡಿ ಇನ್ನೂ ಶುರುವಾಗಿರಲ್ಲ."

ರಂಗಣ್ಣ ತಕ್ಷಣ ಫೋನ್ ತೆಗೆದು ವಿಮಾನ ಬಂದು ನಿಂತಿದೆಯಾ ಅಂತ ನಕ್ಷೆಯಲ್ಲಿ ನೋಡಿದ. ಸಂಜೆಯಿಂದ ಐದು ನಿಮಿಷಕ್ಕೊಮ್ಮೆ ಇದೇ ಕೆಲಸ. ಆ ವಿಮಾನದ ಹೆತ್ತವರೂ ಅದನ್ನು ಇಷ್ಟು ವಿಚಾರಿಸಿರಲಿಕ್ಕಿಲ್ಲ.

ಆಮೇಲೆ ಸೀನನ ಕೈಚೀಲದ ತಪಾಸಣೆ. ಪದ್ಮ ಒಂದು ದಪ್ಪ ಟೂತ್‌ಪೇಸ್ಟ್ ಎತ್ತಿ ಹಿಡಿದಳು.

"ಇದು 150 ಗ್ರಾಂ."

"ಅರ್ಧ ಖಾಲಿ ಆಗಿದೆ. ಒಳಗಿರೋದು ಎಪ್ಪತ್ತೈದು."

"ಅವರು ನೋಡೋದು ಒಳಗೆ ಎಷ್ಟಿದೆ ಅಂತ ಅಲ್ಲ, ಮೇಲೆ ಎಷ್ಟು ಬರೆದಿದೆ ಅಂತ."

"ಅಂದ್ರೆ ಟೂತ್‌ಪೇಸ್ಟಿಗೂ ಜಾತಕ ನೋಡ್ತಾರೆ."

2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ಒಂದು ಸಂಚು ಬಯಲಾಯಿತು. ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉರುಳಿಸುವ ಸಂಚು. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿ, ಟ್ಯೂಬು ಇರಬಾರದು ಅನ್ನುವ ನಿಯಮ ಅದರ ಕೂಸು. ಈಗ ಕೆಲವು ಏರ್‌ಪೋರ್ಟುಗಳಿಗೆ ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನಂಥ ಯಂತ್ರ ಬಂದಿದೆ. ಚೀಲದ ಒಳಗಿನದನ್ನು ಸುತ್ತಲಿಂದಲೂ ತೋರಿಸುವುದರಿಂದ, ಅಂಥ ಕಡೆ ಲ್ಯಾಪ್‌ಟಾಪ್ ಹೊರಗೆ ತೆಗೆಯುವ ತಾಪತ್ರಯ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಹೋಗುವಾಗ ಹೊಸ ಯಂತ್ರ, ಬರುವಾಗ ಹಳೆಯ ಯಂತ್ರ ಎದುರಾಗಬಹುದು. ಎರಡಕ್ಕೂ ತಯಾರಾಗಿರುವುದು ಲೇಸು.

"ಅಸಲಿ ಗಲಾಟೆ ಇರೋದು ಆ ಟ್ರೇ ಮುಂದೆ," ಅಂದೆ ನಾನು. ಇದು ನನ್ನ ಖಚಿತ ಅಭಿಪ್ರಾಯ. ಇಡೀ ಏರ್‌ಪೋರ್ಟಿನಲ್ಲಿ ಮನುಷ್ಯನ ಮರ್ಯಾದೆ ಹೋಗುವ ಜಾಗ ಅದೊಂದೇ. ಹಿಂದೆ ನಲವತ್ತು ಜನ. ಒಂದು ಕೈಯಲ್ಲಿ ಬೆಲ್ಟು, ಬಾಯಲ್ಲಿ ಬೋರ್ಡಿಂಗ್ ಪಾಸು, ಜೇಬಿನಲ್ಲಿ ಎಲ್ಲಿದೆಯೋ ತಿಳಿಯದ ಚಿಲ್ಲರೆ. ಆಚೆ ಹೋದ ಮೇಲೆ ನಮ್ಮ ಪ್ಯಾಂಟು ಒಂದು ಕಡೆ ಜಾರುತ್ತದೆ, ಟ್ರೇ ಇನ್ನೊಂದು ಕಡೆ. ಯಾವುದನ್ನು ಮೊದಲು ಹಿಡಿಯುವುದು?

"ಯೋಚನೆಯನ್ನ ಸಾಲಿನಲ್ಲೇ ಮುಗಿಸಬೇಕು," ಅಂದಳು ಪದ್ಮ. "ವಾಚು, ಬೆಲ್ಟು, ಚಿಲ್ಲರೆ, ಫೋನು, ಎಲ್ಲಾ ಜಾಕೆಟ್ ಜೇಬಿಗೆ ಹಾಕಿ ಜಿಪ್ ಎಳಿ. ಟ್ರೇ ಹತ್ರ ಬಂದಾಗ ಜಾಕೆಟ್ ಒಂದನ್ನ ಬಿಚ್ಚಿಟ್ಟರೆ ಮುಗೀತು. ಪಾಸ್‌ಪೋರ್ಟಿಗೆ ಒಂದೇ ಜೇಬು, ಜನ್ಮಕ್ಕೆಲ್ಲಾ ಅದೇ. ಜೋಪಾನವಾಗಿರಲಿ ಅಂತ ಬೇರೆ ಕಡೆ ಎತ್ತಿಟ್ಟಿರೋ, ಆವತ್ತು ಅದು ಕಳೀತು ಅಂತ ಲೆಕ್ಕ."

ರಂಗಣ್ಣ ಎದೆ ಮುಟ್ಟಿ ನೋಡಿಕೊಂಡ. ಹಿಂದೆ ಮುಟ್ಟಿ ನೋಡಿಕೊಂಡ. ಮತ್ತೆ ಎದೆ. ಇತ್ತು.

"ಸೂಟ್‌ಕೇಸ್ ಕಳೆದುಹೋದ್ರೆ?" ಅಂದ. ಅವನ ಹತ್ತಿರ ಒಂದು ಭಯ ಇಳಿದರೆ ಇನ್ನೊಂದು ಸರದಿಯಲ್ಲಿ ನಿಂತಿರುತ್ತದೆ.

ಸೂಟ್‌ಕೇಸಿನ ಹಿಡಿಯಲ್ಲಿ ಹಿಂದಿನ ಮೂರು ಪ್ರಯಾಣದ ಚೀಟಿಗಳು ತೋರಣದಂತೆ ನೇತಾಡುತ್ತಿದ್ದವು. ಪದ್ಮ ಕತ್ತರಿ ತಂದು ಒಂದೊಂದಾಗಿ ಕತ್ತರಿಸಿದಳು. ಅವನು ಪದಕ ಕಳೆದುಕೊಂಡವನಂತೆ ನೋಡಿದ. ಬ್ಯಾಗು ಯಾವ ವಿಮಾನಕ್ಕೆ ಹೋಗಬೇಕು ಅಂತ ತೀರ್ಮಾನಿಸುವುದು ಚೀಟಿಯ ಬಾರ್‌ಕೋಡ್ ಓದುವ ಯಂತ್ರ. ಹಳೆಯದು ಕಣ್ಣಿಗೆ ಬಿದ್ದರೆ ಅದಕ್ಕೆ ಗೊಂದಲ. ಹೊಸ ಚೀಟಿ ಕಟ್ಟುವಾಗ ಮೇಲಿನ ಮೂರಕ್ಷರದ ಕೋಡ್ ನಾವು ಇಳಿಯುವ ಊರಿನದೇ ಹೌದಾ ಅಂತ ಓದಬೇಕು, ಕೈಗೆ ಕೊಡುವ ಹತ್ತಂಕಿಯ ತುಂಡು ಚೀಟಿ ಬಿಸಾಡಬಾರದು. ಬ್ಯಾಗ್ ಬಾರದಿದ್ದರೆ ಏರ್‌ಪೋರ್ಟ್ ಬಿಡುವ ಮೊದಲೇ ದೂರು ಬರೆಸಬೇಕು. 1999ರ ಮಾಂಟ್ರಿಯಲ್ ಒಪ್ಪಂದದಂತೆ ಸಾಮಾನು ಜಖಂ ಆಗಿದ್ದರೆ ಲಿಖಿತ ದೂರಿಗೆ 7 ದಿನ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕ ದಿನದಿಂದ 21 ದಿನ.

"ಬ್ಯಾಗಿನ ಒಂದು ಫೋಟೋ ತೆಗೆದಿಟ್ಕೋ. ಕಪ್ಪು ಬಣ್ಣ, ಎರಡು ಚಕ್ರ ಅಂತ ಹೇಳಿದ್ರೆ ಅರ್ಧ ಪ್ರಪಂಚದ ಬ್ಯಾಗ್ ತಂದು ನಿಲ್ಲಿಸ್ತಾರೆ," ಅಂದ ಸೀನ. ಅವನಿಂದ ಉಪಯುಕ್ತ ಮಾತು ಬಂದದ್ದು ಕೇಳಿ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು.

ರಂಗಣ್ಣ ಫೋಟೋ ತೆಗೆಯಲು ಫೋನ್ ಎತ್ತಿದ. ಅದರ ಪರದೆ ಕಪ್ಪಾಗಿತ್ತು. ಸಂಜೆಯಿಂದ ವಿಮಾನ ಕಾದೂ ಕಾದೂ ಅದರ ಪ್ರಾಣ ಹೋಗಿತ್ತು.

"ಪರವಾಗಿಲ್ಲ, ಪವರ್ ಬ್ಯಾಂಕ್ ಇದೆ. ಇಪ್ಪತ್ತು ಸಾವಿರದ್ದು."

"ಇಪ್ಪತ್ತು ಸಾವಿರ ಎಂಎಎಚ್ ಅಂದ್ರೆ 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಅವರ್. ನೂರರ ಒಳಗಿದೆ, ಒಯ್ಯಬಹುದು," ಅಂದಳು ಪದ್ಮ. "ಎಲ್ಲಿಟ್ಟಿದ್ದೀಯ?"

"ಸೂಟ್‌ಕೇಸಲ್ಲಿ. ತಳದಲ್ಲಿ. ಬಟ್ಟೆ ಸುತ್ತಿ."

"ಅಯ್ಯೋ, ಅದು ಕೈಚೀಲದಲ್ಲೇ ಇರಬೇಕು! ಲಿಥಿಯಂ ಬ್ಯಾಟರಿ ಹೊತ್ತಿಕೊಂಡ್ರೆ ನಮ್ಮ ಕಾಲ ಬುಡದಲ್ಲಾದ್ರೆ ಆರಿಸೋಕೆ ಸಿಬ್ಬಂದಿ ಓಡಿಬರ್ತಾರೆ. ಕೆಳಗೆ ಸಾಮಾನಿನ ಗೂಡಲ್ಲಿ ಯಾರಿದ್ದಾರೆ? ತೆಗಿ ಮೊದಲು."

ರಂಗಣ್ಣ ಸೂಟ್‌ಕೇಸಿನ ಬೀಗದ ಮುಂದೆ ಮಂಡಿಯೂರಿದ. ಮೂರಂಕಿಯ ಬೀಗ. ಬೆರಳು ಚಕ್ರದ ಮೇಲೆ ಹೋಯಿತು, ನಿಂತಿತು.

"ನಿನ್ನೆ ತಾನೇ ಹೊಸ ನಂಬರ್ ಇಟ್ಟೆ," ಅಂದ. "ಯಾರಿಗೂ ಊಹಿಸೋಕೆ ಆಗದಂಥದ್ದು."

"ಏನದು?"

"ಫೋನಲ್ಲಿ ಬರೆದಿಟ್ಟಿದ್ದೀನಿ."

"ಫೋನಿನ ಚಾರ್ಜರ್?"

ಅವನು ಸೂಟ್‌ಕೇಸನ್ನು ನೋಡಿದ. ನಾವೂ ನೋಡಿದೆವು. ನಮ್ಮ ಮೂವರ ಚಾರ್ಜರ್‌ಗಳನ್ನೂ ತಂದು ಅವನ ಹಳೇ ಫೋನಿಗೆ ಚುಚ್ಚಿ ನೋಡಿದ್ದಾಯಿತು, ಒಂದರ ಮೂತಿಯೂ ಹೊಂದಲಿಲ್ಲ.

"ಸಾವಿರ ನಂಬರ್ ಇರುತ್ತೆ," ಅಂದಳು ಪದ್ಮ. "ಒಂದಕ್ಕೆ ಮೂರು ಸೆಕೆಂಡ್ ಅಂದ್ರೂ ಐವತ್ತು ನಿಮಿಷದಲ್ಲಿ ಮುಗಿಯುತ್ತೆ."

"ಟೈಮ್ ಧಾರಾಳ ಇದೆ," ಅಂದ ಸೀನ. ಅವನ ಬಾಯಲ್ಲಿ ಈ ಮಾತಿಗೆ ಆಕ್ಷೇಪ ಬಾರದೇ ಇದ್ದದ್ದು ಇದೇ ಮೊದಲು. ಸೂಟ್‌ಕೇಸನ್ನು ತೊಡೆಗೆ ಎಳೆದುಕೊಂಡು ಸೊನ್ನೆ ಸೊನ್ನೆ ಸೊನ್ನೆಯಿಂದ ಶುರು ಮಾಡಿದ. ನಾನು ಜೋರಾಗಿ ಎಣಿಸಿದೆ. ಪದ್ಮ ಸೋಫಾದ ಮೇಲೆ ಕಣ್ಣು ಮುಚ್ಚಿದಳು. ರಂಗಣ್ಣ ಪಕ್ಕದಲ್ಲೇ ಶೂ ಹಾಕಿಕೊಂಡು ಕೂತು ಗಡಿಯಾರ ನೋಡುತ್ತಿದ್ದ.

ಆರುನೂರ ನಲವತ್ತಕ್ಕೆ ಬಂದಾಗ ಅವನು ಮೆಲ್ಲಗೆ ಕೆಮ್ಮಿದ.

"ಸೀನ, ಬೇಜಾರು ಮಾಡ್ಕೋಬೇಡ. ಒಂಬತ್ತರಿಂದ ಶುರುವಾಗ್ತಿತ್ತು ಅಂತ ನೆನಪು."