ಹೆಡ್‌ಲೈಟ್ ಪಾಲಿಶ್ ಆದ ಮೇಲೆ ಬಾಕ್ಸ್‌ಟರ್ 987ರಲ್ಲಿ ಕರೆಂಟಿನ ತೊಂದರೆ: ಎಲ್ಲಿಂದ ಹುಡುಕಲಿ?

ಮಂಜೇಶ್ವರ_987

ಗಾಡಿ 2007ರ ಪೋರ್ಷೆ ಬಾಕ್ಸ್‌ಟರ್ (987 ಮಾದರಿ), ಝೆನಾನ್ ಲೈಟಿನದ್ದು. ಲೆನ್ಸ್ ಎರಡೂ ಹಳದಿ ತಿರುಗಿದ್ದವು. ಡಿಟೇಲಿಂಗ್‌ನವರು ಲೈಟ್ ಗಾಡಿಯಲ್ಲಿ ಇದ್ದ ಹಾಗೆಯೇ ನೀರು ಬಿಟ್ಟು 1000, 2000 ನಂಬರಿನ ಸ್ಯಾಂಡ್‌ಪೇಪರ್ ತಿಕ್ಕಿ, ಪ್ರೆಶರ್ ವಾಶರ್‌ನಲ್ಲಿ ತೊಳೆದಿದ್ದಾರೆ. ಎಡಗಡೆಯದ್ದನ್ನು ಮಾತ್ರ ಕೊನೆಗೆ ಹೊರಗೆ ತೆಗೆದು, ಅಂಚು ಒರೆಸಿ, ವಾಪಸ್ ಕೂರಿಸಿದ್ದಾರೆ. ಮರುದಿನದಿಂದ ಎಡ ಲೋ ಬೀಮ್ ಮಿಟುಕಿ ಮಿಟುಕಿ ಆರುತ್ತದೆ. ಎಡ ಇಂಡಿಕೇಟರ್ ಎರಡರಷ್ಟು ವೇಗದಲ್ಲಿ ಹೊಡೆಯುತ್ತದೆ. ಹೆಡ್‌ಲೈಟ್ ಲೆವೆಲ್ಲಿಂಗ್ (ಬೆಳಕಿನ ಎತ್ತರ ತಾನಾಗಿ ಸರಿಮಾಡುವ ವ್ಯವಸ್ಥೆ) ಎಚ್ಚರಿಕೆಯೂ ಬರುತ್ತದೆ. ಎರಡು ರಾತ್ರಿ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಎಡ ಲೆನ್ಸಿನ ಕೆಳಮೂಲೆಯಲ್ಲಿ ನೀರಿನ ಹನಿಗಳು ಉಂಟು. ಬ್ಯಾಲಾಸ್ಟ್ (ಝೆನಾನ್ ಬಲ್ಬಿಗೆ ಬೇಕಾದ ಕರೆಂಟ್ ಕೊಡುವ ಪೆಟ್ಟಿಗೆ) ಬದಲಿಸಿ ಎನ್ನುತ್ತಾರೆ. ಮನೆ ಕಡಲಿಗೆ ಹತ್ತಿರ, ಆಟಿ ತಿಂಗಳ ಮಳೆ ಬಿಡುವುದೇ ಇಲ್ಲ. ಮೊದಲು ಎಂತ ನೋಡಬೇಕು?

ಮಲ್ಟಿಮೀಟರ್_ಕುಂಬಳೆ

ಬ್ಯಾಲಾಸ್ಟಿಗೆ ಈಗಲೇ ದುಡ್ಡು ಹಾಕಬೇಡಿ. ಲೋ ಬೀಮ್, ಇಂಡಿಕೇಟರ್, ಲೆವೆಲ್ಲಿಂಗ್ ಮೂರೂ ಒಂದೇ ದಿನ ಒಂದೇ ಬದಿಯಲ್ಲಿ ಕೈಕೊಟ್ಟರೆ ಮೂರೂ ಹಾದುಬರುವ ಜಾಗವನ್ನು ಹಿಡಿಯಬೇಕು. 987ರಲ್ಲಿ ಆ ಜಾಗ ಒಂದೇ. ಲೈಟಿನ ಹಿಂದೆ ಕೈಯಲ್ಲಿ ಚುಚ್ಚುವ ಪ್ಲಗ್ ಇಲ್ಲ. ಇಡೀ ಲೈಟನ್ನು ಹಳಿಯ ಮೇಲೆ ಹಿಂದಕ್ಕೆ ದೂಡಿದಾಗ ಕನೆಕ್ಟರ್ ತಾನಾಗಿಯೇ ಕೂಡಿಕೊಳ್ಳುತ್ತದೆ. ಲೈಟ್ ಎರಡು ಮೂರು ಮಿಲಿಮೀಟರ್ ಹೊರಗೆ ನಿಂತರೂ ಕೆಲವು ಪಿನ್ ಮುಟ್ಟುತ್ತವೆ, ಕೆಲವು ಬರೀ ತಾಗಿಕೊಂಡಿರುತ್ತವೆ. ಹೊರಗಿಂದ ನೋಡಿದರೆ ಸರಿ ಕೂತ ಹಾಗೆಯೇ ಕಾಣುತ್ತದೆ. ಬಂಪರ್ ಮತ್ತು ಫೆಂಡರ್ ಜತೆಗಿನ ಸಂದನ್ನು ಬಲಗಡೆಯದ್ದರ ಜತೆ ಹೋಲಿಸಿ, ಅಲ್ಲಿಯೇ ಗೊತ್ತಾಗಬಹುದು.

ಇಗ್ನಿಷನ್, ಲೈಟ್ ಸ್ವಿಚ್ ಎರಡೂ ಆಫ್ ಮಾಡಿ ಐದು ನಿಮಿಷ ಬಿಡಿ. ಝೆನಾನ್ ಹತ್ತುವಾಗ 20,000 ವೋಲ್ಟಿಗಿಂತ ಮೇಲಿನ ಪೆಟ್ಟು ಇರುತ್ತದೆ, ಹತ್ತಿದ ಮೇಲೂ ಸುಮಾರು 85 ವೋಲ್ಟ್. ಒದ್ದೆ ಕೈಯಲ್ಲಿ ಹತ್ತಿರ ಹೋಗಬಾರದು. ಮುಂದಿನ ಡಿಕ್ಕಿಯಲ್ಲಿ (ಈ ಗಾಡಿಯಲ್ಲಿ ಬಾನೆಟ್ ಅಡಿಯಲ್ಲಿ ಸಾಮಾನಿನ ಜಾಗ) ಕಾರ್ಪೆಟ್ ಅಂಚು ಸರಿಸಿ ರಬ್ಬರ್ ಬಿರಡೆ ತೆಗೆದು, ಟೂಲ್ ಕಿಟ್‌ನ ಕೀಲಿ ಹಾಕಿ ತಿರುಗಿಸಿ. ಕೊಂಡಿ ಟಕ್ ಎಂದು ಬಿಟ್ಟುಕೊಂಡ ಮೇಲೆ ಲೈಟನ್ನು ನೇರ ಮುಂದಕ್ಕೆ ಎಳೆಯಿರಿ, ಓರೆ ಮಾಡಬೇಡಿ. ಬಂಪರ್ ಅಂಚಿಗೆ ಮೊದಲೇ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ.

ಟಾರ್ಚ್ ಹಿಡಿದು ಗಾಡಿ ಬದಿಯ ಸಾಕೆಟ್ ನೋಡಿ. ಪೇಪರ್ ತಿಕ್ಕಿದ ಬಿಳಿ ರಾಡಿ ಒಣಗಿ ಸುಣ್ಣದ ಹಾಗೆ ಹಳಿಯಲ್ಲಿ, ರಬ್ಬರ್ ಸೀಲಿನ ಸುತ್ತ ಕೂತಿರುತ್ತದೆ. ಲೈಟ್ ಪೂರ್ತಿ ಒಳಗೆ ಹೋಗದಂತೆ ತಡೆಯುವುದು ಹೆಚ್ಚಾಗಿ ಅದೇ. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಕಂಡರೆ ನೀರು ಒಳಗೆ ಹೊಕ್ಕಿದೆ. ಹನ್ನೆರಡು ವೋಲ್ಟಿನ ಪಿನ್ನಿಗೂ ಅರ್ತ್ (ಮೈನಸ್) ಪಿನ್ನಿಗೂ ನಡುವೆ ನೀರಿನ ತೆಳು ಪದರ ನಿಂತರೆ ಪ್ಲಸ್ ಕಡೆಯ ಲೋಹ ಕರಗತೊಡಗುತ್ತದೆ. ಸೋಪು ಬೆರೆತ ನೀರು, ಕಡಲ ಹತ್ತಿರದ ಉಪ್ಪು ಬೋರ್ ನೀರು ಆದರೆ ಎರಡು ಮೂರು ದಿನವೇ ಸಾಕು.

ಹಿತ್ತಾಳೆ ಪಾತ್ರೆಗೆ ಹಾಕುವ ಹಾಗೆ ಹುಣಸೆಹುಳಿ, ವಿನೆಗರ್ ಹಾಕಬೇಡಿ. ಹುಳಿ ಒಳಗೆ ಉಳಿದು ಮತ್ತೆ ತಿನ್ನುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ರಾಡಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್, ನೈಲಾನ್ ಬ್ರಷ್‌ನಿಂದ ಪಿನ್ ಉಜ್ಜಿ, ಪೂರ್ತಿ ಒಣಗಿಸಿ. ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹಾಯಿಸದ, ನೀರು ತಡೆಯುವ ಗ್ರೀಸ್) ಸೀಲಿನ ತುಟಿಗೆ ತೆಳುವಾಗಿ ಹಚ್ಚಿದರೆ ಸಾಕು, ಸಾಕೆಟ್ ತುಂಬ ಮೆತ್ತಬೇಡಿ. ವಾಪಸ್ ದೂಡಿ, ಕೀಲಿ ತಿರುಗಿಸುವಾಗ ಒಬ್ಬರು ಮುಂದಿನಿಂದ ಲೈಟನ್ನು ಅಂಗೈಯಲ್ಲಿ ಒತ್ತಿ ಹಿಡಿಯಲಿ.

ಉಪ್ಪಳ_ವೈರಿಂಗ್

ಮೇಲಿನವರು ಹೇಳಿದ್ದು ಸರಿ. ಆದರೆ ಲೈಟ್ ಹೊರಗಿರುವಾಗಲೇ ಲೋಡ್ ಟೆಸ್ಟ್ ಮಾಡಿ ಬಿಡಿ. ಬರೀ ಮೀಟರ್ ಇಟ್ಟರೆ ಕಿಲುಬು ಹಿಡಿದ ಪಿನ್ನೂ 12.5 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. 55 ವ್ಯಾಟಿನ ಎಚ್7 ಬಲ್ಬನ್ನು ಸಾಕೆಟ್ಟಿನ ಲೋ ಬೀಮ್ ಪಿನ್ನಿಗೂ ಅರ್ತಿಗೂ ನಡುವೆ ಕೊಟ್ಟು ಲೈಟ್ ಹಾಕಿ, ಸುಮಾರು ನಾಲ್ಕೂವರೆ ಆಂಪಿಯರ್ ಹರಿಯುತ್ತದೆ. ಜರ್ಮನ್ ಗಾಡಿಯಲ್ಲಿ ಅರ್ತ್ ವಯರ್ ಕಂದು ಬಣ್ಣದ್ದು. ಬಲ್ಬ್ ಉರಿಯುತ್ತಿರುವಾಗ ಬ್ಯಾಟರಿಯ ಮೈನಸ್‌ಗೂ ಆ ಅರ್ತ್ ಪಿನ್ನಿಗೂ ನಡುವೆ ಅಳೆಯಿರಿ. 0.2 ವೋಲ್ಟಿನ ಒಳಗೆ ಇದ್ದರೆ ಒಳ್ಳೆಯದು. ಅರ್ಧ ವೋಲ್ಟ್ ದಾಟಿದರೆ ಅರ್ತ್ ದಾರಿ ಬಿಚ್ಚಿ ಉಜ್ಜಲೇಬೇಕು. ಪ್ಲಸ್ ಕಡೆಯೂ ಹಾಗೆಯೇ. ದಪ್ಪ ಪ್ರೋಬ್ ಚುಚ್ಚಿ ಹೆಣ್ಣು ಪಿನ್ ಅಗಲಿಸಿಬಿಟ್ಟರೆ ಹೊಸ ಮಂಡೆಬಿಸಿ ಶುರು, ಪಿನ್ನಿನ ಅಳತೆಯದ್ದೇ ಟರ್ಮಿನಲ್ ಬಳಸಿ.

ಇಂಡಿಕೇಟರ್ ವೇಗವಾಗುವುದಕ್ಕೂ ಇದೇ ಕಾರಣ ಸಾಕು. 21 ವ್ಯಾಟಿನ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯಬೇಕು. ಪಿನ್ನಿನಲ್ಲಿ ತಡೆ ಬಂದು ಕರೆಂಟ್ ಇಳಿದರೆ ಕಂಟ್ರೋಲ್ ಯುನಿಟ್ ಬಲ್ಬ್ ಸತ್ತಿತು ಎಂದು ತಿಳಿಯುತ್ತದೆ. ಕನೆಕ್ಟರ್ ಸರಿಯಾದ ಮೇಲೂ ಝೆನಾನ್ ಮಿಟುಕಿದರೆ ಎಡ ಬಲ ಬಲ್ಬ್ ಅದಲು ಬದಲು ಮಾಡಿ. ತೊಂದರೆ ಬಲ್ಬ್ ಜತೆ ಬಲಕ್ಕೆ ಹೋದರೆ ಬಲ್ಬ್ ಹೋಗಿದೆ, ಎಡದಲ್ಲೇ ಉಳಿದರೆ ಆಗ ಬ್ಯಾಲಾಸ್ಟಿನ ಮಾತು.

ಬ್ಯಾಟರಿ ಇಳಿಯುವುದನ್ನು ಬೇರೆಯಾಗಿ ಅಳೆಯಿರಿ. ನೀರಿನ ಪದರ ತಾನೇ ಕುಡಿಯುವುದು ಕೆಲವೇ ಮಿಲಿ ಆಂಪಿಯರ್. ಒದ್ದೆ ಸಂಪರ್ಕದಿಂದ ಯಾವುದೋ ಯುನಿಟ್ ನಿದ್ದೆಗೆ ಹೋಗದಿದ್ದರೆ ಒಂದು ಆಂಪಿಯರ್ ಹೋದರೂ ಎರಡು ದಿನಕ್ಕೆ 48 ಆಂಪಿಯರ್ ಅವರ್ ಆಯಿತು. ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಬ್ಯಾಟರಿ ಮೈನಸ್ ಜತೆ ಸಾಲಿನಲ್ಲಿ ಕೊಡಿ. ಮೀಟರ್ ಸಾಲಿನಲ್ಲಿರುವಾಗ ಇಗ್ನಿಷನ್ ಹಾಕಬೇಡಿ. ಡಿಕ್ಕಿ ತೆರೆದಿದ್ದರೆ ಗಾಡಿ ಮಲಗುವುದಿಲ್ಲ, ಬೀಗದ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಲ್ಲಿ ಒತ್ತಿ ಮುಚ್ಚಿದಂತೆ ಮಾಡಿ. ಅರ್ಧ ಗಂಟೆ, ನಲವತ್ತು ನಿಮಿಷ ಕಾಯಿರಿ. 50 ಮಿಲಿ ಆಂಪಿಯರ್ ಒಳಗೆ ಬರಬೇಕು. ಡಿಕ್ಕಿ ಮುಚ್ಚುವ ಮೊದಲು ಕೊಕ್ಕೆ ಬಿಡಿಸಿಕೊಳ್ಳಿ, ಮರೆತರೆ ಬೀಗ ಜಖಂ.

ಇನ್ನೊಂದು. ಬ್ಯಾಟರಿ ಇರುವುದು ಅದೇ ಮುಂದಿನ ಡಿಕ್ಕಿಯಲ್ಲಿ, ಡಿಕ್ಕಿಯ ಬೀಗ ಕರೆಂಟಿನದ್ದು. ಬ್ಯಾಟರಿ ಸತ್ತರೆ ಡಿಕ್ಕಿ ತೆರೆಯುವುದಿಲ್ಲ. ಫ್ಯೂಸ್ ಪೆಟ್ಟಿಗೆಯಲ್ಲಿ ಹೊರಗೆ ಎಳೆಯುವ ಕೆಂಪು ಟರ್ಮಿನಲ್ ಉಂಟು, ಅದಕ್ಕೆ ಬೇರೆ ಬ್ಯಾಟರಿಯ ಪ್ಲಸ್, ಬಾಗಿಲಿನ ಬೀಗದ ಲೋಹಕ್ಕೆ ಮೈನಸ್ ಕೊಟ್ಟು ತೆರೆಯಬೇಕು. ಕೆಲಸ ಮುಗಿಯುವ ತನಕ ರಾತ್ರಿ ಚಾರ್ಜರ್ ಹಾಕಿಡಿ. ಬ್ಯಾಟರಿ ಬಿಚ್ಚುವ ಮೊದಲು ಕಿಟಕಿ ಗಾಜು ಸ್ವಲ್ಪ ಇಳಿಸಿಕೊಳ್ಳಿ, ಇಲ್ಲದಿದ್ದರೆ ಬಾಗಿಲು ತೆರೆದಾಗ ಗಾಜು ಇಳಿಯದೆ ಸೀಲಿಗೆ ಒತ್ತುತ್ತದೆ.

ಪಾಲಿಶ್_ಪ್ಯಾಡ್

ಒಳಗಿನ ನೀರಿನ ವಿಚಾರ. ಲೈಟ್ ಹಾಕಿ ಅರ್ಧ ಗಂಟೆಯಲ್ಲಿ ಮಾಯವಾಗುವ ತೆಳು ಮಂಜು ಮಳೆಗಾಲದಲ್ಲಿ ಸಹಜ. ಹನಿ ಕಟ್ಟಿ ಕೆಳಗೆ ನಿಂತರೆ ನೀರು ಬೇರೆ ದಾರಿಯಿಂದ ಬಂದಿದೆ. ಬಲ್ಬಿನ ಹಿಂದಿನ ಮುಚ್ಚಳದ ರಬ್ಬರ್, ಆಮೇಲೆ ಉಸಿರುಗಂಡಿಗಳನ್ನು (ಗಾಳಿ ಆಡುವ ಸಣ್ಣ ತೂತುಗಳು) ನೋಡಿ. ಪಾಲಿಶ್ ಮಾಡುವಾಗ ಗಂಡಿಗೆ ಟೇಪ್ ಹಾಕಿ ತೆಗೆಯಲು ಮರೆಯುವವರು ತುಂಬ ಜನ. ಸಿಲಿಕೋನ್ ಬಳಿದು ಗಂಡಿ ಮುಚ್ಚುವುದಂತೂ ಬೇಡವೇ ಬೇಡ, ಒಳಗಿನ ತೇವ ಒಳಗೇ ಉಳಿಯುತ್ತದೆ.

ನಮ್ಮ ಕಡೆ ಈಗ ಬಿಸಿಲನ್ನು ನಂಬಿ ಕೂರಲಾಗುವುದಿಲ್ಲ. ಹಿಂದಿನ ಮುಚ್ಚಳ ತೆಗೆದು, ಲೈಟನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಜತೆ 48 ಗಂಟೆ ಇಡಿ. ಹೀಟ್ ಗನ್ ಹಿಡಿಯಬೇಡಿ, ಲೆನ್ಸ್ ಅಂಟಿಸಿದ ಬ್ಯುಟೈಲ್ ಅಂಟು ಮೆತ್ತಗಾಗಿ ಜೋಡಣೆ ಬಿಡುತ್ತದೆ. ಲೆನ್ಸಿನ ಮೇಲೆ ಥಿನ್ನರ್, ಪೆಟ್ರೋಲ್, ಅಸಿಟೋನ್ ಬಿದ್ದರೆ ಪಾಲಿಕಾರ್ಬೊನೇಟ್ ಜೇಡರ ಬಲೆಯ ಹಾಗೆ ಬಿರಿಯುತ್ತದೆ.

ತಿಕ್ಕಿದ ಮೇಲೆ ಕಾರ್ಖಾನೆಯ ಯುವಿ ಪದರ ಹೋಗಿದೆ. ಬರೀ ಪಾಲಿಶ್ ಹೊಡೆದು ಬಿಟ್ಟರೆ ಬೇಗ ಮತ್ತೆ ಹಳದಿ. ಲೈಟ್ ಹೇಗೂ ಹೊರಗಿದೆ, 1500 ಪೇಪರಿನಲ್ಲಿ ಮಸುಕಾಗಿಯೇ ನಿಲ್ಲಿಸಿ ಯುವಿ ತಡೆಯುವ ಟೂಕೆ ಕ್ಲಿಯರ್ (ಎರಡು ದ್ರವ ಬೆರೆಸಿ ಹೊಡೆಯುವ ಪಾರದರ್ಶಕ ಲೇಪ) ಹೊಡೆಯಬಹುದು. ಸಣ್ಣ ಗೀರುಗಳನ್ನು ಅದೇ ತುಂಬುತ್ತದೆ, ಹಿಡಿತವೂ ಚೆನ್ನಾಗಿ ಬರುತ್ತದೆ. ಅದರಲ್ಲಿ ಐಸೊಸಯನೇಟ್ (ಉಸಿರಿಗೆ ಹೋದರೆ ಅಪಾಯದ ರಾಸಾಯನಿಕ) ಇರುತ್ತದೆ, ಬಟ್ಟೆ ಮಾಸ್ಕ್ ಸಾಲದು, ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಮಳೆ ಸುರಿಯುವ ದಿನ ಹೊಡೆದರೆ ಹಾಲು ಬಣ್ಣ ಬರುತ್ತದೆ, ಎಸಿ ಇರುವ ಬೂತ್ ಇಲ್ಲದಿದ್ದರೆ ಮಳೆ ಬಿಡುವ ತನಕ ಕಾಯಿರಿ.

ಮಂಜೇಶ್ವರ_987

ಹಳಿಯಲ್ಲಿ ಬಿಳಿ ರಾಡಿ ಗಟ್ಟಿಯಾಗಿತ್ತು, ಎರಡು ಪಿನ್ನಿಗೆ ಕಿಲುಬು. ಅರ್ತ್ 0.7 ಇದ್ದದ್ದು ಉಜ್ಜಿದ ಮೇಲೆ 0.09. ಲೋ ಬೀಮ್, ಇಂಡಿಕೇಟರ್ ಸರಿಯಾದವು. ನಿದ್ದೆಯಲ್ಲಿ ಈಗ 30 ಮಿಲಿ ಆಂಪಿಯರ್. ಲೆವೆಲ್ಲಿಂಗ್ ಎಚ್ಚರಿಕೆ ಮಾತ್ರ ಹೋಗಿಲ್ಲ.

ಉಪ್ಪಳ_ವೈರಿಂಗ್

ಲೆವೆಲ್ಲಿಂಗ್ ಸೆನ್ಸರ್ ಲೈಟಿನಲ್ಲಿ ಇಲ್ಲ ಮಾರಾಯ್ರೆ, ಮುಂದಿನ ಹಿಂದಿನ ಆಕ್ಸಲ್ ಹತ್ತಿರ ಇರುತ್ತದೆ. ಪ್ರೆಶರ್ ವಾಶರ್ ಅಲ್ಲಿಗೂ ಹೊಡೆದಿರಬಹುದು. ಗಾಡಿ ಎತ್ತಿ ಸೆನ್ಸರಿನ ಸಣ್ಣ ಕಡ್ಡಿ ಕಳಚಿದೆಯೋ, ಪ್ಲಗ್ಗಿನಲ್ಲಿ ನೀರು ಉಂಟೋ ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಡಯಾಗ್ನಾಸ್ಟಿಕ್ ಟೂಲಿನಲ್ಲಿ ಹಳೆಯ ಕೋಡ್ ಅಳಿಸಿ. ಆಮೇಲೆ ಸಮತಟ್ಟು ನೆಲದಲ್ಲಿ, ಟಯರ್ ಗಾಳಿ ಸರಿ ಇಟ್ಟು, ಹೆಡ್‌ಲೈಟ್ ಕ್ಯಾಲಿಬ್ರೇಶನ್ ಮಾಡಿಸಿ.